ಶ್ರುತಿ ಕೊಡುವ ಫೋನು

ಕುವೈತಿನ ಅಬ್ಬಾಸಿಯಾದ ಆ ಏಳು ಮಾಳಿಗೆಯ ಕಟ್ಟಡದಲ್ಲಿ ತೃಪ್ತಿಯ ಫೋನಿಗೆ ಪರಿಚಯವಿಲ್ಲದ ಬ್ಲೂಟೂತ್ ಸ್ಪೀಕರ್ ಇರಲಿಲ್ಲ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಸಾಕು, ಕೇಳದೆ ಕರೆಯದೆ ಹೋಗಿ ಸೇರಿಕೊಳ್ಳುತ್ತಿತ್ತು.

ಇದಕ್ಕೆಲ್ಲ ಕಾರಣ ಭಜನೆ. ಊರಿನ ಕಡೆಯ ಒಂಬತ್ತು ಹತ್ತು ಮನೆಯವರು ಸೇರಿ ತಿಂಗಳಿಗೊಂದು ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಭಜನೆ ಇಟ್ಟುಕೊಳ್ಳುತ್ತಿದ್ದರು. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ತಾಳವನ್ನು ಅಂಗೈಯೊಳಗೆ ಹಿಡಿದು ಮೆಲ್ಲಗೆ ತಟ್ಟುವ ಭಜನೆ. ಹಾರ್ಮೋನಿಯಂ ನುಡಿಸುತ್ತಿದ್ದವರು ವೀಸಾ ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಹೋದ ಮೇಲೆ ಶ್ರುತಿಗೆ ಗತಿ ಇಲ್ಲದಂತಾಗಿ, ತೃಪ್ತಿ ತನ್ನ ಫೋನಿಗೆ ತಂಬೂರಿಯ ಆ್ಯಪ್ ಹಾಕಿಕೊಂಡಳು. ಅಂದಿನಿಂದ ಭಜನೆ ಯಾರ ಮನೆಯಲ್ಲೋ ಆ ಮನೆಯ ಸ್ಪೀಕರಿಗೆ ತೃಪ್ತಿಯ ಫೋನು. "ಶ್ರುತಿ ಬಂತಾ?" ಎಂದು ಭೋಜಣ್ಣ ಕೇಳಿದರೆ ತೃಪ್ತಿ ಬಂದಳಾ ಎಂದು ಅರ್ಥ.

ಭೋಜಣ್ಣ ಪಕ್ಕದ ಫ್ಲ್ಯಾಟಿನವರು. ಫಹಾಹೀಲಿನ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಭಜನೆ ಹೇಳಿಕೊಡುವವರು ಅವರೇ. ಅವರ ಹೆಂಡತಿ ಸುಗಂಧಿಯಕ್ಕನಿಗೆ ಐವತ್ತೆರಡು. ಎರಡೂ ಮನೆಯ ಹಾಲ್‌ಗಳ ನಡುವೆ ಒಂದೇ ಗೋಡೆ, ಅದೂ ಹೆಸರಿಗೆ ಗೋಡೆ.

ಮೊದಲ ಸಲ ಮರ್ಯಾದೆ ಹೋದದ್ದು ಅವರ ಮನೆಯಲ್ಲೇ, ಮೇ ತಿಂಗಳ ಭಜನೆಯಲ್ಲಿ. ಮಂಗಳಾರತಿಗೆ ಎಲ್ಲ ಎದ್ದು ನಿಂತಿದ್ದಾರೆ, ಶ್ರುತಿ ಸಣ್ಣಗೆ ಗುಂಯ್ ಎನ್ನುತ್ತಿದೆ, ಅಷ್ಟರಲ್ಲಿ ಕಾಪುವಿನಿಂದ ತೃಪ್ತಿಯ ಅಮ್ಮನ ಫೋನು. ರಿಂಗು ನಿಲ್ಲಿಸಲು ಯಾರೋ ಸ್ಪೀಕರಿನ ಗುಂಡಿ ಒತ್ತಿದರು. ಅದು ನಿಲ್ಲಿಸುವ ಗುಂಡಿಯಲ್ಲ, ಎತ್ತುವ ಗುಂಡಿ.

"ತೃಪ್ತೀ, ಮಗುವಿಗೆ ಕಕ್ಕ ಆಯ್ತಾ? ಮೂರು ದಿನ ಆಯ್ತಲ್ಲಾ! ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಮುಟ್ಟಿಸಿ..."

ಮುಂದಿನದ್ದನ್ನು ಅಮ್ಮ ವಿವರವಾಗಿಯೇ ಹೇಳಿದರು. ಇಪ್ಪತ್ತೆರಡು ಜನ ಕೈಮುಗಿದುಕೊಂಡು ಕೇಳಿದರು. ಸುಗಂಧಿಯಕ್ಕ ನಕ್ಕ ನಗೆಗೆ ಕೈಯಲ್ಲಿದ್ದ ಗಂಟೆ ತನ್ನಷ್ಟಕ್ಕೆ ಬಡಿದುಕೊಂಡಿತು.

ಆಮೇಲೆ ಧನರಾಜನ ವಾಯ್ಸ್ ಮೆಸೇಜು. ಧನರಾಜ, ತೃಪ್ತಿಯ ಗಂಡ, ಶುಐಬಾದ ಒಂದು ಪ್ಲಾಂಟಿನಲ್ಲಿ ಶಿಫ್ಟ್ ಕೆಲಸದವನು. ಎದುರಿಗಿದ್ದಾಗ ಉಪ್ಪು ಕಮ್ಮಿ, ಖಾರ ಜಾಸ್ತಿ ಬಿಟ್ಟರೆ ಮಾತಿಲ್ಲ, ಕಂಪೆನಿ ಬಸ್ಸು ಹತ್ತಿದ ಮೇಲೆ ಪ್ರೀತಿ ಉಕ್ಕುವುದು. ಆ ದಿನ ಉಕ್ಕಿದ್ದು ಪಕ್ಕದ ಮನೆಯ ಸ್ಪೀಕರಿನಲ್ಲಿ ಹರಿಯಿತು. ಸುಗಂಧಿಯಕ್ಕ ಬಾಗಿಲು ತಟ್ಟಿ, "ನಿನ್ನ ಗಂಡನಿಗೆ ಹೇಳು ಚಿನ್ನಾ, ಮುತ್ತು ನನಗೆ ತಲುಪಿತು ಅಂತ" ಎಂದರು. ಒಂದು ವಾರ ಪೂರ್ತಿ ಅವರ ಬಾಯಲ್ಲಿ ತೃಪ್ತಿ 'ಚಿನ್ನಾ' ಆದಳು.

"ನಿಮ್ಮ ಕಾಲಿಗೆ ಬೀಳ್ತೇನೆ, ಈ ದರಿದ್ರವನ್ನು ಸರಿ ಮಾಡಿ ಕೊಡಿ" ಎಂದು ಅವಳು ಗಂಡನ ಹಿಂದೆ ಬಿದ್ದರೆ, ಅವನದ್ದು ಒಂದೇ ಉತ್ತರ. "ಈಗ ಅಳಿಸಿದ್ರೆ ಬರುವ ಭಜನೆಗೆ ಮತ್ತೆ ಸೇರಿಸ್ಬೇಕಲ್ಲ ಮಾರಾಯ್ತಿ, ಇರ್ಲಿ ಬಿಡು." ಅವಳೂ ಬಿಟ್ಟಳು. ಮಗುವಿನ ಊಟ, ನಿದ್ದೆ, ಬಟ್ಟೆಯ ನಡುವೆ ಒಂದು ಫೋನಿನ ಬುದ್ಧಿ ತಿದ್ದುತ್ತಾ ಕೂರಲು ಯಾರಿಗೆ ಪುರುಸೊತ್ತು?

ತೃಪ್ತಿ ಮದುವೆಗೆ ಮುಂಚೆ ಉಡುಪಿಯ ಕಣ್ಣಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಐದು ವರ್ಷ ಕೂತವಳು. ಟೋಕನ್ ಕೊಡುವುದರಿಂದ ಹಿಡಿದು, ಅಳುವ ಅಜ್ಜಿಯರಿಗೆ ಮದ್ದು ಬಿಡುವ ಸಮಯ ಹೇಳಿಕೊಡುವ ತನಕ ಅವಳೇ. ಕುವೈತಿಗೆ ಬಂದು ನಾಲ್ಕು ವರ್ಷ, ಗಂಡನ ವೀಸಾದಲ್ಲಿ, ಮನೆಯೊಳಗೆ. ಮಗ ಶ್ರವಣನಿಗೆ ಈಗ ಎರಡು. ಸಲ್ವಾದ ಒಂದು ಹಲ್ಲಿನ ಕ್ಲಿನಿಕ್ಕಿನವರು ಅವಳನ್ನು ತೆಗೆದುಕೊಳ್ಳುತ್ತೇವೆಂದು ಹೇಳಿದ ಮೇಲೆ ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಾಯಿಸುವ ಓಡಾಟಕ್ಕೇ ಐದು ತಿಂಗಳು ಹಿಡಿದಿತ್ತು. ಆ ಬುಧವಾರ ಫೋನು ಬಂತು: ಭಾನುವಾರ ಬೆಳಿಗ್ಗೆಯಿಂದ ಬನ್ನಿ, ಆರೂಮುಕ್ಕಾಲಿಗೆ ವ್ಯಾನು ಕೆಳಗೆ ಬರ್ತದೆ.

ಮಗುವಿನ ಚಿಂತೆ ಇರಲಿಲ್ಲ. ಸುಗಂಧಿಯಕ್ಕ ಮೊದಲೇ ಒಪ್ಪಿದ್ದರು. ತೃಪ್ತಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಾಗ ದಿನಕ್ಕೆರಡು ಗಂಟೆ ಶ್ರವಣ ಅವರ ಮಡಿಲಲ್ಲೇ. ಇಪ್ಪತ್ತೇಳನೇ ವಯಸ್ಸಿಗೆ ಸಲ್ವಾದ ಒಂದು ಅರಬಿ ಮನೆಗೆ ಕೆಲಸಕ್ಕೆಂದು ಬಂದವರು ಅಕ್ಕ, ಆಮೇಲೆ ಹೊಲಿಗೆ, ಈಗ ಮೊಣಕಾಲು ನೋವೆಂದು ಮನೆಯಲ್ಲಿ. ಒಂದು ದಿನ ಮಗುವಿಗೆ ಅನ್ನ ಕಲಸುತ್ತಾ ಅವರು ಹೇಳಿದ್ದರು: "ನನ್ನ ಮಗಳನ್ನು ಹನ್ನೊಂದು ತಿಂಗಳಿಗೆ ಅತ್ತೆಯ ಕೈಗೆ ಕೊಟ್ಟು ಬಂದೆ. ಅವಳಿಗೆ ಅಮ್ಮ ಅಂದ್ರೆ ಎರಡು ವರ್ಷಕ್ಕೊಮ್ಮೆ ಬರುವ ಪೆಟ್ಟಿಗೆ. ಪೆಟ್ಟಿಗೆ ಬಿಚ್ಚಿದ ಮೇಲೆ ನನ್ನ ಹತ್ರ ನಿಲ್ತಿರಲಿಲ್ಲ." ಹೇಳುತ್ತಾ ಕಣ್ಣೊರೆಸಿಕೊಂಡು, "ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದಿದ್ದರು.

ತೃಪ್ತಿ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಹೇಳಿದ್ದಳು. ಅಮ್ಮನಿಗೆ ಹೇಳಿದ್ದು ಯಾರಿಗಾದರೂ ಹೇಳಿದ ಲೆಕ್ಕವೇ?

ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಶ್ರವಣ ನಿದ್ದೆ ಮಾಡಿದ್ದ. ತೃಪ್ತಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಅಮ್ಮನ ಹತ್ತಿರ ಮಾತಾಡುತ್ತಿದ್ದಳು. ಮನೆಮಾತು ತುಳು. ಕೆಲಸಕ್ಕೆ ಹೋಗುವುದೇ ಅಮ್ಮನಿಗೆ ಸರಿ ಬಂದಿರಲಿಲ್ಲ. "ಮಗುವನ್ನು ಅವಳ ಹತ್ರ ಬಿಡ್ತಿಯಾ? ನೀನೇ ಮೊನ್ನೆ..." ಎನ್ನುವಲ್ಲಿಗೆ ದನಿ ನಿಂತಿತು.

"ಹಲೋ? ಅಮ್ಮಾ? ಕೇಳ್ತಾ ಇಲ್ಲ ಅಮ್ಮಾ, ಹಲೋ."

ಕೇಳಿತು, ಗೋಡೆಯ ಆ ಕಡೆಯಿಂದ. ಸುಗಂಧಿಯಕ್ಕ ಮನೆ ಒರೆಸುವಾಗ ಹಾಡು ಹಾಕುವವರು. ಆಗಷ್ಟೇ ಸ್ಪೀಕರ್ ಹಚ್ಚಿದ್ದರು, ತೃಪ್ತಿಯ ಫೋನು ಓಡಿ ಹೋಗಿ ಸೇರಿಕೊಂಡಿತ್ತು. ಅಮ್ಮ ಮೊದಲೇ ಗದ್ದೆಯ ಆಚೆಗೆ ಕರೆಯುವವರಂತೆ ಫೋನಿನಲ್ಲಿ ಮಾತಾಡುವವರು, ಈಗ ಅಕ್ಕನ ಹಾಲಿನ ಮಧ್ಯೆ ನಿಂತೇ ಹೇಳಿದ ಹಾಗಿತ್ತು.

"...ಚಿಪ್ಸ್ ಕೊಡ್ತಾಳೆ, ಟಿವಿ ಎದುರು ಕೂರಿಸ್ತಾಳೆ ಅಂತ ನೀನೇ ಹೇಳಿದ್ದಲ್ವಾ? ಮಗು ವಾಪಸ್ ಬರುವಾಗ ತಲೆಯೆಲ್ಲ ಹುರಿದ ಬಂಗುಡೆಯ ವಾಸನೆ ಅಂತ ನೀನೇ ಹೇಳಿದ್ದಲ್ವಾ?"

ತೃಪ್ತಿ ಫೋನನ್ನು ಕೈಗೆ ತೆಗೆದುಕೊಂಡು ಕೆಂಪು ಗುಂಡಿ ಒತ್ತಿದಳು. ಸೋಪಿನ ನೊರೆಯ ಬೆರಳಿಗೆ ಫೋನು ಕ್ಯಾರೇ ಅನ್ನಲಿಲ್ಲ. ಮತ್ತೆ ಒತ್ತಿದಳು, ಜಾರಿತು. ಆ ಕಡೆಯಿಂದ ಸುಗಂಧಿಯಕ್ಕನ ದನಿ, ಸ್ಪೀಕರಿಗೆ ಬಗ್ಗಿ ಮಾತಾಡುತ್ತಿರಬೇಕು:

"ಅಮ್ಮಾ, ಬಂಗುಡೆ ಹುರಿಯುವಾಗ ಮಗುವನ್ನು ಎಲ್ಲಿ ಇಡ್ಬೇಕು? ಫ್ರಿಜ್ಜಿನ ಒಳಗಾ?"

"ಎಂತದು ತೃಪ್ತೀ, ನಿನ್ನ ಸ್ವರ ಯಾಕೆ ಹೀಗಾಗಿದೆ, ಶೀತವಾ?" ಎಂದರು ಅಮ್ಮ. "ನಾನು ಹೇಳುವುದು ಕೇಳು. ಅವಳು ಸ್ವಂತ ಮಗಳನ್ನು ಸಾಕಿದವಳಾ? ಮಗಳ ಪಾಲಿಗೆ ಬರೀ ಪೆಟ್ಟಿಗೆ ಆಗಿದ್ದೆ ಅಂತ ಅವಳೇ ಅತ್ತದ್ದಲ್ವಾ, ನೀನೇ ಹೇಳಿದ್ದು! ಅಂಥವಳಿಗೆ ಮಗು ನೋಡ್ಲಿಕ್ಕೆ ಗೊತ್ತುಂಟಾ?"

ನೈಟಿಗೆ ಕೈ ಒರೆಸಿಕೊಂಡು ತೃಪ್ತಿ ಗುಂಡಿ ಒತ್ತಿದಳು. ಫೋನು ಈಗ ಮಾತು ಕೇಳಿತು, ಎಲ್ಲ ಮುಗಿದ ಮೇಲೆ.

ಅದೇ ನೈಟಿಯಲ್ಲಿ ಹೋಗಿ ಬಾಗಿಲು ತಟ್ಟಿದಳು. ಅಕ್ಕ ತೆರೆದರು. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

"ಅಕ್ಕ, ಅಮ್ಮ ಸುಮ್ಮನೆ ಏನೇನೋ... ಚಿಪ್ಸಿನ ವಿಷಯ ನಾನು ಹಾಗೆ ಹೇಳಿದ್ದಲ್ಲ, ಮೀನಿನದ್ದು ತಮಾಷೆಗೆ..."

"ಒಳಗೆ ಬನ್ನಿ, ಕೂತುಕೊಳ್ಳಿ" ಎಂದರು ಸುಗಂಧಿಯಕ್ಕ. ನಾಲ್ಕು ವರ್ಷದಲ್ಲಿ 'ನೀನು' ಬಿಟ್ಟು ಬೇರೆ ಕರೆಯದವರು. "ನನ್ನ ಮೊಣಕಾಲಿಗೆ ಆಗುವುದಿಲ್ಲ ಅಂತ ಕಾಣ್ತದೆ. ಭಾನುವಾರದಿಂದ ನೀವು ಬೇರೆ ಕಡೆ ನೋಡಿಕೊಳ್ಳಿ."

ತೃಪ್ತಿ ಕೂರದೆ ವಾಪಸ್ ಬಂದಳು. ಇನ್ನು ಮೂರು ದಿನ. ಧನರಾಜನಿಗೆ ಫೋನು ಮಾಡಿದರೆ, "ಸಾರಿ ಹೇಳು, ಖಲಾಸ್" ಎಂದ, ಸಾರಿ ಅಂದರೆ ನಲ್ಲಿ ತಿರುಗಿಸಿದ ಹಾಗೆ ಅವನಿಗೆ. ಎರಡನೇ ಮಾಳಿಗೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೊಲ್ಲಿ ಆಂಟಿಯ ಬಾಗಿಲಿಗೆ ಹೋದರೆ, ಎರಡು ಕೋಣೆಯಲ್ಲಿ ಹನ್ನೊಂದು ಮಕ್ಕಳು, ಸ್ಟೂಲಿನ ಮೇಲೊಬ್ಬ, ಮಂಚದ ಕೆಳಗೊಬ್ಬ. "ಮುಂದಿನ ತಿಂಗಳು ಒಂದು ಮಗು ಊರಿಗೆ ಹೋಗ್ತದೆ. ಆಗ ನೋಡುವಾ" ಎಂದಳು ಮೊಲ್ಲಿ. ಅಮ್ಮನೋ, ಆದದ್ದು ಕೇಳಿ, "ನಾನು ಸುಳ್ಳು ಹೇಳಿದೆನಾ?" ಎಂದು ತಿರುಗಿ ಕೇಳಿದರು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ತೃಪ್ತಿ ಫೋನು ಹಿಡಿದು ಕೂತಳು. ಸೇರಿಕೊಂಡ ಸ್ಪೀಕರುಗಳ ಪಟ್ಟಿ ತೆರೆದರೆ ಹದಿನಾಲ್ಕು ಹೆಸರು. ಒಂದೊಂದೇ ಅಳಿಸಿದಳು. ಅರ್ಧ ನಿಮಿಷದ ಕೆಲಸ. ಇಷ್ಟು ಸುಲಭದ್ದನ್ನು ಇಷ್ಟು ತಿಂಗಳು ಮಾಡಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಶುಕ್ರವಾರ ಭೋಜಣ್ಣ ಬಾಗಿಲಿಗೆ ಬಂದರು. ಸಂಜೆಯ ಭಜನೆಗೆ ಶ್ರುತಿ ಬೇಕಿತ್ತು.

"ನನ್ನ ಫೋನು ಇನ್ನು ಯಾರ ಮನೆಗೂ ಬರುವುದಿಲ್ಲ ಅಣ್ಣ."

"ಆಯ್ತಮ್ಮ" ಎಂದರು ಅವರು. ಹೋಗದೆ ನಿಂತರು. "ಅವಳು ಚಿಪ್ಸಿಗೆ ಸಿಟ್ಟು ಮಾಡುವವಳಲ್ಲ, ನಿನಗೆ ಗೊತ್ತುಂಟು. ನೀನು ಚಿಪ್ಸಿನ ಬಗ್ಗೆಯೇ ಮಾತಾಡಿ ಬಂದೆಯಂತೆ."

ತೃಪ್ತಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಪೆಟ್ಟಿಗೆಯ ಮಾತಿನ ಹತ್ತಿರ ಸುಳಿದಿರಲಿಲ್ಲ. ಅದು ಅಮ್ಮ ಕಟ್ಟಿದ್ದಲ್ಲ, ಸ್ಪೀಕರಿನ ತಪ್ಪೂ ಅಲ್ಲ. ತಾನೇ ಹೊತ್ತುಕೊಂಡು ಹೋಗಿ ಊರಿಗೆ ಮುಟ್ಟಿಸಿದ್ದು.

ಶನಿವಾರ ಬೆಳಿಗ್ಗೆ ಶ್ರವಣನನ್ನು ಗಂಡನ ಕೈಗೆ ಕೊಟ್ಟು ಒಬ್ಬಳೇ ಹೋದಳು. ಅಕ್ಕ ಮೆಣಸು ತೊಟ್ಟು ಬಿಡಿಸುತ್ತಾ ನೆಲದಲ್ಲಿ ಕೂತಿದ್ದರು. ಅವಳೂ ನೆಲದಲ್ಲೇ ಕೂತಳು.

"ನೀವು ಯಾರಿಗೂ ಹೇಳ್ಬೇಡ ಅಂದಿದ್ರಿ. ನಾನು ಅಮ್ಮನಿಗೆ ಹೇಳಿದೆ. ಹೇಳ್ಬಾರದಿತ್ತು."

ಅಕ್ಕ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ಅಮ್ಮ ನನ್ನನ್ನು ನೋಡಿದವರಲ್ಲ. ಅವರು ಬೈದ್ರೆ ನನಗೆ ಎಂತ? ನೀನು ನಕ್ಕೊಂಡು ಹೇಳಿದ್ದಾ, ಬೇಸರದಲ್ಲಿ ಹೇಳಿದ್ದಾ?"

ತೃಪ್ತಿ ಯೋಚಿಸಿದಳು. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.

"ಹೆದರಿಕೆಯಲ್ಲಿ ಹೇಳಿದ್ದು ಅಕ್ಕ. ನಾನೂ ಕೆಲಸಕ್ಕೆ ಹೊರಟವಳಲ್ವಾ? ಇವನೂ ನಾಳೆ ನನ್ನ ಹತ್ರ ನಿಲ್ಲದೆ ಹೋದ್ರೆ ಅಂತ."

ಸುಗಂಧಿಯಕ್ಕ ಆಗ ಅವಳ ಮುಖ ನೋಡಿದರು. ಮೂರು ದಿನದಲ್ಲಿ ಮೊದಲ ಸಲ.

"ಮಧ್ಯಾಹ್ನ ಮೂರಕ್ಕೆ ಬರುವವಳು ನೀನು. ನಾನು ಎರಡು ವರ್ಷಕ್ಕೊಮ್ಮೆ ಹೋಗ್ತಿದ್ದವಳು. ನಿನ್ನದೂ ನನ್ನದೂ ಒಂದೇ ಅಂತ ಹೇಳ್ಬೇಡ." ದನಿ ಗಡುಸಾಗಿತ್ತು. ಮೆಣಸಿನ ಕೈಯನ್ನು ಕಣ್ಣಿನ ಹತ್ತಿರ ಒಯ್ದು ನೆನಪಾಗಿ ಕೆಳಗಿಳಿಸಿದರು. "ಒಂದು ತಿಂಗಳು ನೋಡ್ತೇನೆ. ಮೊಲ್ಲಿಯ ಹತ್ರ ಜಾಗ ಆಗುವ ತನಕ. ಮಗುವಿನದ್ದು ಎಂತ ತಪ್ಪಿಲ್ಲ."

"ಅಕ್ಕ..."

"ಚಿಪ್ಸ್ ಬೇಡ ಅಂತಾದ್ರೆ ನನ್ನ ಮುಖಕ್ಕೆ ಹೇಳು. ಬೇಡವಾ?"

"ಬೇಡ."

"ಟಿವಿ?"

"ಅರ್ಧ ಗಂಟೆ."

"ಹೂಂ." ಅಕ್ಕ ಮತ್ತೆ ಮೆಣಸಿಗೆ ಬಗ್ಗಿದರು. ಚಹಾ ಕುಡೀತೀಯಾ ಎಂದು ಕೇಳಲಿಲ್ಲ. ಆ ಮನೆಯಿಂದ ತೃಪ್ತಿ ಚಹಾ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು.

ಭಾನುವಾರ ಆರೂವರೆಗೆ ಬಾಗಿಲು ತಟ್ಟುವಾಗ ಶ್ರವಣ ಎಚ್ಚರವಿದ್ದ. ಅಳುತ್ತಾನೆ, ಕೊರಳು ಬಿಡುವುದಿಲ್ಲ, ವ್ಯಾನು ತಪ್ಪುತ್ತದೆ ಎಂದುಕೊಂಡು ಹತ್ತು ನಿಮಿಷ ಮೊದಲೇ ಬಂದಿದ್ದಳು. ಬಾಗಿಲು ತೆರೆದದ್ದೇ ಅವನು ಎರಡೂ ಕೈ ಚಾಚಿ ಸುಗಂಧಿಯಕ್ಕನ ಹೆಗಲಿಗೆ ಹಾರಿದ. ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನಿಗೆ ಅದು ಕಂಡಿತು. ತೃಪ್ತಿಯ ಮುಖವೂ ಕಂಡಿತು. ಮಗುವನ್ನು ಅವಳ ಕಡೆಗೆ ತಿರುಗಿಸಿ ಹಿಡಿದು, "ಟಾಟಾ ಮಾಡು ಅಮ್ಮನಿಗೆ" ಎಂದರು. ಅವನು ಮಾಡಲಿಲ್ಲ. ಅಕ್ಕ ಅವನ ಪುಟ್ಟ ಕೈ ಹಿಡಿದು ತಾವೇ ಆಡಿಸಿದರು.

"ಹೋಗು, ವ್ಯಾನು ಬರ್ತದೆ" ಎಂದು ಬಾಗಿಲು ಮುಚ್ಚಿಕೊಂಡರು.