ಕೊನೆಯ ಪುಟದ ಮೇಲೆ ಅಂಟಿಸಿದ ಚೀಟಿ

ಮೈದಾ ಅಂಟಿನ ವಾಸನೆಗೆ ಇಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಕೆಂಗೇರಿಯ ಆಚೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಮೊನ್ನೆ ಗೋಂದಿನ ಬಾಟಲಿ ಮುಗಿದಿತ್ತು. ಹೊಸದು ಬೇಕೆಂದರೆ ಅರ್ಜಿ ಬರೆಯಬೇಕು, ಅದಕ್ಕೆ ಮೂವರ ಸಹಿ ಬೀಳಬೇಕು, ಅಷ್ಟರಲ್ಲಿ ಸೆಮಿಸ್ಟರೇ ಮುಗಿದಿರುತ್ತದೆ. ನಮ್ಮ ಆಯಮ್ಮ, "ಅದಕ್ಯಾಕ್ ಮೇಡಂ ತಲೆ ಕೆಡಿಸ್ಕೊಳ್ತೀರಾ" ಎಂದು ಹಳೆಯ ಡಬ್ಬಿಯೊಂದರಲ್ಲಿ ಮೈದಾ ಕದಡಿ, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಒಲೆಯ ಮೇಲಿಟ್ಟು ಕಾಯಿಸಿ ತಂದರು. ಬಿಸಿ ಹಿಟ್ಟಿನ ಆ ವಾಸನೆ ಮೂಗಿಗೆ ಬಂದದ್ದೇ ತಡ, ಬಸವೇಶ್ವರನಗರದ ನಮ್ಮ ಹಳೆಯ ಬಾಡಿಗೆ ಮನೆಯ ಕಿಟಕಿ ಕಣ್ಣೆದುರು ಬಂತು. ಸರಳುಗಳ ನಡುವೆ ಒಂದು ಕೈ, ಉಗುರುಗಳ ಸುತ್ತ ಒಣಗಿದ ಅಂಟು, ಕೈಯಲ್ಲಿ ಒಂದು ಪುಸ್ತಕ...

ಆ ಕೈ ಲೈಬ್ರರಿ ಅಂಕಲ್ ಅವರದು. ಎರಡು ಕ್ರಾಸ್ ಆಚೆ, ಹಿಟ್ಟಿನ ಗಿರಣಿಯ ಪಕ್ಕ, ಅವರ ಬಾಡಿಗೆ ಪುಸ್ತಕದ ಅಂಗಡಿಯಿತ್ತು. ಶನಿವಾರ ಬಂತೆಂದರೆ ಮೊಪೆಡ್ಡಿಗೆ ಎರಡು ಖಾಕಿ ಚೀಲ ನೇತುಹಾಕಿಕೊಂಡು ಮನೆಮನೆಗೆ ವಾರಪತ್ರಿಕೆ, ಕಾದಂಬರಿ ಹಂಚಲು ಹೊರಡುತ್ತಿದ್ದರು. ಅಂಗಡಿಗೆ ಬಂದ ಪುಸ್ತಕವನ್ನು ಅವರು ಬಂದ ಹಾಗೆ ಬಿಡುತ್ತಿರಲಿಲ್ಲ. ರಟ್ಟು ಹಾಕಿ, ದಾರದಲ್ಲಿ ಹೊಲಿದು, ಒಳಗಿನ ಮೊದಲ ಪುಟದ ಮೇಲೆ ತಾರೀಖಿನ ಚೀಟಿ ಅಂಟಿಸಬೇಕು. ಬೇರೆಯವರು ಚೀಟಿಯ ಮೇಲಂಚಿಗೆ ಮಾತ್ರ ಅಂಟು ಹಚ್ಚಿದರೆ ಇವರು ಇಡೀ ಚೀಟಿಯನ್ನು ಗೋಡೆಗೆ ಪೋಸ್ಟರ್ ಮೆತ್ತಿದ ಹಾಗೆ ಮೆತ್ತುತ್ತಿದ್ದರು. ಮಕ್ಕಳು ಕಿತ್ತುಬಿಡುತ್ತಾರೆ ಎಂಬುದು ಅವರ ವಾದ.

ಆಗ ನನಗೆ ಹತ್ತೊಂಬತ್ತು. ಬಿ.ಕಾಂ. ಎರಡನೇ ವರ್ಷದಲ್ಲಿ ಒಂದು ಸೋಮವಾರ ಹೊಟ್ಟೆನೋವು ಎಂದು ಹೇಳಿ ಕಾಲೇಜಿಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಹಾಗೆ ನಿಂತವಳು ಎರಡು ವರ್ಷ ಗೇಟು ದಾಟಲಿಲ್ಲ. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ತಾಯಿತ ಕಟ್ಟಿಸಿದಳು. ಅವಳಿಗೆ ಗಾರ್ಮೆಂಟ್ಸ್ ಕೆಲಸ, ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು. ಅವಳು ಸಂಜೆ ಬರುವಷ್ಟರಲ್ಲಿ ತರಕಾರಿ ಹೆಚ್ಚಿಟ್ಟಿರುತ್ತಿದ್ದೆ, ಬಟ್ಟೆ ಮಡಿಚಿಟ್ಟಿರುತ್ತಿದ್ದೆ. ನಿಧಾನವಾಗಿ ಅವಳಿಗೂ ಅಭ್ಯಾಸವಾಯಿತು. ಬೀದಿಯವರಂತೂ ನನ್ನನ್ನು ಹೊಗಳಲು ಶುರುಮಾಡಿದರು. "ನಿಮ್ ಹುಡ್ಗಿ ಎಷ್ಟ್ ಒಳ್ಳೇವ್ಳು ಕಣ್ರೀ, ಮನೆ ಬಿಟ್ಟು ಆಚೆ ಕಾಲಿಡಲ್ಲ" ಎಂದು ಪಕ್ಕದ ಮನೆಯ ಆಂಟಿ ತಮ್ಮ ಮಗಳಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಹುಡುಗ ಕೋಣೆ ಸೇರಿದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಹುಡುಗಿ ಸೇರಿದರೆ ಗಂಡು ನೋಡುತ್ತಾರೆ.

ಅಮ್ಮ ತರಿಸುತ್ತಿದ್ದ ವಾರಪತ್ರಿಕೆಯನ್ನು ಕೊಡಲು ಅಂಕಲ್ ಬರುತ್ತಿದ್ದರು. ನಾನು ಬಾಗಿಲು ತೆಗೆಯುತ್ತಿರಲಿಲ್ಲ. ಎರಡು ಮೂರು ಸಲ ಗಂಟೆ ಒತ್ತಿ ನೋಡಿದವರು ಆಮೇಲೆ ತಾವೇ ಪಕ್ಕದ ಓಣಿಗೆ ಬಂದು ನನ್ನ ಕೋಣೆಯ ಕಿಟಕಿಯಲ್ಲಿ ಕೊಡಲು ಶುರುಮಾಡಿದರು. ಯಾಕೆ, ಏನು ಎಂದು ಕೇಳಲಿಲ್ಲ. ಒಂದು ಶನಿವಾರ ಪತ್ರಿಕೆಯ ಜೊತೆ ಇನ್ನೊಂದು ಪುಸ್ತಕವೂ ಬಂತು.

"ಇದೊಂದು ಯಾರೂ ತಗೊಳ್ತಾ ಇಲ್ಲ ಕಣಮ್ಮ. ಹಿಂದೆಮುಂದೆ ಪ್ರಿಂಟ್ ಆಗ್ಬಿಟ್ಟಿದೆ. ಚಿತ್ರ ಚೆನ್ನಾಗಿದೆ, ನೋಡು."

ಅದು ಇಂಗ್ಲಿಷಿಗೆ ಬಂದ ಮಾಂಗಾ, ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ನಮಗೆ ಕೊನೆಯ ಪುಟ ಎಲ್ಲಿರುತ್ತದೋ ಅವರ ಕಥೆ ಅಲ್ಲಿಂದ ಶುರುವಾಗುತ್ತದೆ. ಮುಂದಿನ ವಾರ ಅದನ್ನು ಅಂಕಲ್‌ಗೆ ವಿವರಿಸಿದೆ. ಅವರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಇರಲಿ ಬಿಡು, ಅವರ ಪುಸ್ತಕ ಅವರಿಷ್ಟ" ಎಂದರು. ಅಂದಿನಿಂದ ಅದರ ಹೆಸರು ಉಲ್ಟಾ ಪುಸ್ತಕ ಎಂದಾಯಿತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ಹುಡುಕಿ ಒಂದೊಂದೇ ಭಾಗ ತರತೊಡಗಿದರು. ಇಡೀ ಏರಿಯಾದಲ್ಲಿ ಅದನ್ನು ಓದುತ್ತಿದ್ದವಳು ನಾನೊಬ್ಬಳೇ.

ನಾಲ್ಕು ವರ್ಷದಿಂದ ಕೋಣೆ ಬಿಟ್ಟು ಬಾರದ ಒಬ್ಬ ಹುಡುಗನ ಕಥೆ ಅದು. ಕೋಣೆಯ ತುಂಬ ಕಾರ್ಟೂನ್ ಗೊಂಬೆಗಳು, ತಿಂದು ಬಿಟ್ಟ ನೂಡಲ್ಸ್ ಬಟ್ಟಲುಗಳು, ಹಗಲಲ್ಲೂ ಎಳೆದೇ ಇರುವ ಪರದೆ. ತಾಯಿ ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಾಳೆ. ಇಂಥ ಕಥೆ, ಗೊಂಬೆಗಳ ಹುಚ್ಚಿಗೆ ಬಿದ್ದು ಲೋಕ ಮರೆತವರನ್ನು ಅಲ್ಲಿ ಒಟಾಕು ಎನ್ನುತ್ತಾರೆ ಎಂದು ನನಗೆ ಅದರಿಂದಲೇ ಗೊತ್ತಾಯಿತು. ಕೋಣೆ ಸೇರಿ ಹೊರಬಾರದವರಿಗೆ ಇನ್ನೊಂದು ಹೆಸರಿದೆ, ಹಿಕಿಕೊಮೊರಿ. ಚಿತ್ರ ಬರೆದವರು ಆ ಹುಡುಗನನ್ನು ನೋಡಿ ನಗುತ್ತಿದ್ದರು. ಅವನ ಬೆವರು, ಅವನ ತೊದಲು, ಪಾರ್ಸೆಲ್ ತಂದವನು ಗಂಟೆ ಒತ್ತಿದರೂ ಮಂಚದ ಕೆಳಗೆ ತೂರುವ ಅವನ ಅವಸ್ಥೆ, ಎಲ್ಲವೂ ತಮಾಷೆ. ಆದರೆ ನಗಿಸಿದ ಮೇಲೆ ಒಂದಿಡೀ ಪುಟದಲ್ಲಿ ಅವನ ಬೆನ್ನನ್ನು ಮಾತ್ರ ಬರೆದಿರುತ್ತಿದ್ದರು, ಒಂದು ಮಾತೂ ಇಲ್ಲದೆ. ಆ ಪುಟಗಳನ್ನು ನಾನು ತುಂಬ ಹೊತ್ತು ನೋಡುತ್ತಿದ್ದೆ.

ಆ ಪುಸ್ತಕಗಳ ಜೊತೆ ನನಗೆ ಜಗಳವೂ ಇತ್ತು. ಕೋಣೆಯಲ್ಲಿರುವವನು ಯಾವಾಗಲೂ ಹುಡುಗನೇ. ಅವನು ಹಾಗಾಗಲು ಹಿಂದೆ ಏನೋ ದೊಡ್ಡ ಅವಮಾನವಾಗಿರುತ್ತದೆ. ಅವನನ್ನು ಎಳೆದು ಹೊರತರಲು ಎಲ್ಲಿಂದಲೋ ಒಬ್ಬ ಚೆಲುವೆ ಬರುತ್ತಾಳೆ. ನನಗೆ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ, ಬಾಗಿಲು ಹಾಕಿಕೊಳ್ಳುವ ಸೌಕರ್ಯವೂ ಇರಲಿಲ್ಲ. ಮನೆಮಂದಿಯ ಬಟ್ಟೆಯ ಬೀರು ನನ್ನ ಕೋಣೆಯಲ್ಲೇ ಇದ್ದದ್ದರಿಂದ ಅಪ್ಪ ದಿನಾ ಬೆಳಿಗ್ಗೆ ಬನಿಯನ್ ಹುಡುಕಿಕೊಂಡು ಒಳಗೆ ಬರುತ್ತಿದ್ದರು. ಇನ್ನು ಚೆಲುವನ ಬದಲು ನನಗೆ ಬಂದವರು ಅರವತ್ತರ ಹತ್ತಿರದ, ಅರ್ಧ ತೋಳಿನ ಅಂಗಿಯ ಅಂಕಲ್. ಅವರೂ ಒಂದು ದಿನವೂ ಹೊರಗೆ ಬಾ ಎನ್ನಲಿಲ್ಲ. ಕಿಟಕಿಯಲ್ಲಿ ಹಳೆಯ ಪುಸ್ತಕ ವಾಪಸು ಕೊಡುವಾಗ ಕೇಳುತ್ತಿದ್ದದ್ದು ಒಂದೇ.

"ಓದಿದ್ಯಾ? ಅವ್ನು ಆಚೆ ಬಂದ್ನಾ?"

"ಇಲ್ಲ ಅಂಕಲ್, ಇನ್ನೂ ಇಲ್ಲ."

"ಸರಿ ಬಿಡು. ಅವ್ನಿಗೇನ್ ಅರ್ಜೆಂಟು."

ಇಷ್ಟೇ ಮಾತು. ವಾರವೆಲ್ಲ ನಾನು ಆ ಮಾತಿಗಾಗಿ ಕಾಯುತ್ತಿದ್ದೆ ಎಂದು ಈಗ ಹೇಳಲು ನಾಚಿಕೆಯಿಲ್ಲ.

ಕೊನೆಯ ಭಾಗ ಬಂದಾಗ ಒಂದೇ ಉಸಿರಿಗೆ ಓದಿದೆ. ಹುಡುಗ ಎದ್ದು ಬಾಗಿಲ ಹತ್ತಿರ ಬರುತ್ತಾನೆ. ಹಿಡಿಯ ಮೇಲೆ ಕೈ ಇಡುತ್ತಾನೆ. ಪುಟ ತಿರುವಿದರೆ ಅಂಕಲ್ ಅಂಟಿಸಿದ ತಾರೀಖಿನ ಚೀಟಿ! ಅವರ ಲೆಕ್ಕದ ಮೊದಲ ಪುಟ ಕಥೆಯ ಕೊನೆಯ ಪುಟವಾಗಿತ್ತು. ಹಿಂದಿನ ಭಾಗಗಳಲ್ಲಿ ಆ ಜಾಗದಲ್ಲಿ ಜಾಹೀರಾತು ಇದ್ದದ್ದರಿಂದ ಇಬ್ಬರಿಗೂ ಗೊತ್ತಾಗಿರಲಿಲ್ಲ. ಉಗುರಿನಿಂದ ಕೆರೆದೆ. ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ.

ಆ ಶನಿವಾರ ಕಿಟಕಿಯಲ್ಲಿ ತೋರಿಸಿದಾಗ ಅಂಕಲ್ ಮುಖ ಸಣ್ಣದಾಯಿತು. "ಅಯ್ಯೋ, ಎಂಥಾ ಕೆಲ್ಸ ಮಾಡ್ಬಿಟ್ಟೆ ಕಣಮ್ಮ. ಇಲ್ಲಿ ಕಿತ್ರೆ ಹರಿಯುತ್ತೆ. ಅಂಗಡೀಲಿ ಆವಿ ಹಿಡಿದು ಬಿಡಿಸ್ತೀನಿ. ಮುಂದಿನ್ ವಾರ ತರ್ತೀನಿ" ಎಂದು ಪುಸ್ತಕ ತೆಗೆದುಕೊಂಡು ಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮೊಪೆಡ್ ಜಾರಿ ಬಿದ್ದು ಕಾಲಿಗೆ ಪಟ್ಟಿ ಹಾಕಿದ್ದಾರಂತೆ ಎಂದು ಅಮ್ಮ ಸುದ್ದಿ ತಂದಳು. ಅಂಗಡಿಯಿಂದ ನನ್ನ ಪುಸ್ತಕ ತಂದುಕೊಡು ಎಂದೆ. "ಅವ್ರು ತೆಗೆಯೋದು ಹತ್ತಕ್ಕೆ, ನಾನ್ ಹೋಗೋದು ಎಂಟಕ್ಕೆ, ಬರೋಷ್ಟ್ರಲ್ಲಿ ಮುಚ್ಚಿರ್ತಾರೆ. ಅಷ್ಟ್ ಬೇಕಿದ್ರೆ ನೀನೇ ಹೋಗ್ ತಗೊಂಬಾ" ಎಂದಳು. ಕೋಪದಲ್ಲಿ ಅಂದಳೇ ಹೊರತು ಹೋಗುತ್ತೇನೆಂದು ಅವಳಿಗೂ ಅನ್ನಿಸಿರಲಿಲ್ಲ.

ಮೂರನೆಯ ಶನಿವಾರ ಹನ್ನೊಂದರವರೆಗೆ ಕಿಟಕಿಯ ಹತ್ತಿರ ಕೂತಿದ್ದೆ. ಆಮೇಲೆ ಎದ್ದೆ. ನನ್ನ ಚಪ್ಪಲಿ ಒಣಗಿ ಸೆಟೆದುಕೊಂಡಿತ್ತು, ಅಮ್ಮನ ಹಳೆಯದೊಂದನ್ನು ಮೆಟ್ಟಿದೆ. ಆ ಹುಡುಗನ ಹಾಗೇ ಗೇಟಿನ ಚಿಲಕದ ಮೇಲೆ ಕೈ ಇಟ್ಟೆ, ಆಮೇಲೆ ತೆಗೆದೆ. ಮೊದಲ ಕ್ರಾಸಿನಲ್ಲೇ ಹೂವಿನ ಅಜ್ಜಿ, "ಏನವ್ವ, ಊರಿಂದ ಯಾವಾಗ್ ಬಂದೆ?" ಎಂದರು. "ಈಗ್ಲೇ ಅಜ್ಜಿ" ಎಂದೆ. ಎರಡು ವರ್ಷದಲ್ಲಿ ಬೀದಿಯಲ್ಲಿ ನಿಂತು ನಾನು ಆಡಿದ ಮೊದಲ ಮಾತು ಅದು.

ಅಂಕಲ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನನ್ನನ್ನು ಕಂಡು ಎದ್ದು ಕೂರಲಿಲ್ಲ, ಕಣ್ಣು ಅರಳಿಸಲಿಲ್ಲ. "ಬಂದ್ಯಾ. ಒಬ್ನೇ ಆಗಲ್ಲ ಅಂತ ಹಾಗೇ ಇಟ್ಟಿದೀನಿ. ಈ ತುದಿ ಹಿಡ್ಕೋ" ಎಂದರು. ಸ್ಟವ್ ಮೇಲೆ ನೀರು ಕುದಿಸಿ, ಆವಿಗೆ ಪುಟ ಹಿಡಿದು, ಚಾಕುವಿನ ಬೆನ್ನಿನಿಂದ ಇಬ್ಬರೂ ಇಂಚಿಂಚೇ ಬಿಡಿಸಿದೆವು. ಆದರೂ ಅವರ ಮೈದಾ ಅಂಟು ಬಿಡುವಂಥದ್ದಲ್ಲ. ಚೀಟಿಯ ಜೊತೆ ಚಿತ್ರವೂ ಎದ್ದು ಬಂತು. ಪುಟದಲ್ಲಿ ಉಳಿದದ್ದು ಕೆಳಗಿನ ಒಂದು ಪಟ್ಟಿ, ನೆಲ ಮತ್ತು ತಟ್ಟೆಯೊಂದರ ಅಂಚು.

ಅಂಕಲ್ ಹರಿದ ಪುಟವನ್ನು ಬೆರಳಿನಿಂದ ಸವರಿ ಸಮ ಮಾಡಿದರು. "ಬಂದಿರ್ತಾನೆ ಬಿಡು" ಎಂದರು. ಆಮೇಲೆ ಒಂದು ಸೂಜಿಗೆ ದಾರ ಪೋಣಿಸಿಕೊಡಲು ಹೇಳಿದರು, ಅವರ ಕನ್ನಡಕ ಬಿದ್ದಾಗ ಒಡೆದಿತ್ತು.

ಅವರ ಕಾಲು ವಾಸಿಯಾಗುವವರೆಗೆ ಎಂದು ಹೋದವಳು ಆಮೇಲೂ ಹೋಗುತ್ತಿದ್ದೆ. ಹೊಲಿಯುವುದು, ರಟ್ಟು ಕತ್ತರಿಸುವುದು ಕಲಿತೆ. ಉಲ್ಟಾ ಪುಸ್ತಕಗಳಿಗೆ ಚೀಟಿ ಅಂಟಿಸುವ ಕೆಲಸ ನನ್ನೊಬ್ಬಳದೇ ಆಯಿತು. ಅಲ್ಲಿ ಕೂತೇ ಅಂಚೆ ಮೂಲಕ ಬಿ.ಕಾಂ. ಮುಗಿಸಿದೆ, ಲೈಬ್ರರಿ ಕೋರ್ಸ್ ಮಾಡಿದೆ, ಈ ಕೆಲಸ ಸಿಕ್ಕಿತು. ನಾವು ಮನೆ ಬದಲಿಸಿ ಅನ್ನಪೂರ್ಣೇಶ್ವರಿ ನಗರಕ್ಕೆ ಬಂದೆವು. ಜನ ಫೋನಿನಲ್ಲೇ ಎಲ್ಲ ಓದತೊಡಗಿ ಅಂಕಲ್ ಅಂಗಡಿ ಮುಚ್ಚಿದರು ಎಂದು ಕೇಳಿ ಒಮ್ಮೆ ಫೋನ್ ಮಾಡಿದೆ. "ಮುಂದಿನ್ ಶನಿವಾರ ಬರ್ತೀನಿ ಅಂಕಲ್" ಎಂದೆ. "ಬಾಮ್ಮ, ನಂಗೇನ್ ಅರ್ಜೆಂಟು" ಎಂದರು. ಆ ಶನಿವಾರ ಏನೋ ಕೆಲಸ ಬಂತು. ಅದರ ಮುಂದಿನದಕ್ಕೆ ಇನ್ನೇನೋ... ಹಾಗೇ ಎರಡು ವರ್ಷ ಹೋಯಿತು. ಅನ್ನಪೂರ್ಣೇಶ್ವರಿ ನಗರದಿಂದ ಬಸವೇಶ್ವರನಗರ ಎಷ್ಟು ದೂರ? ಆಟೊದಲ್ಲಿ ಕೂತರೆ ಬೆವರು ಆರುವಷ್ಟರಲ್ಲಿ ತಲುಪಬಹುದು.

ಅವರು ಹೋದ ಸುದ್ದಿ ತಿಳಿದು ಮನೆಗೆ ಹೋದಾಗ ಹನ್ನೊಂದನೆಯ ದಿನವೂ ಕಳೆದಿತ್ತು. ಅವರ ಹೆಂಡತಿ ಕಾಫಿ ಕೊಟ್ಟರು. "ಅಂಗಡಿ ಮುಚ್ಚಿದ್ಮೇಲೆ ಆಚೆಗೆ ಹೆಜ್ಜೆ ಇಡ್ಲಿಲ್ಲ ಕಣಮ್ಮ. ಗೇಟ್‌ವರೆಗೂ ಬರ್ತಿರಲಿಲ್ಲ. ವಯಸ್ಸಾಯ್ತಲ್ಲ, ಮನೇಲಿ ಆರಾಮಾಗಿರ್ಲಿ ಅಂತ ನಾವೂ ಸುಮ್ನಾದ್ವಿ. ಎಲ್ರೂ ಒಳ್ಳೇದಾಯ್ತು ಬಿಡಿ ಅಂತಿದ್ರು" ಎಂದರು. ಕಿಟಕಿಯ ಕಡೆ ಕೈ ತೋರಿಸಿ, "ಶನಿವಾರ ಬಂದ್ರೆ ಮಾತ್ರ ಕಿಟಕಿ ಹತ್ರ ಕುರ್ಚಿ ಹಾಕಿಸ್ಕೊಳ್ಳೋರು" ಎಂದರು.

ಕಾಫಿ ಲೋಟವನ್ನು ಕೆಳಗಿಟ್ಟೆ. ಬೇರೆ ಯಾರಿಗೂ ಗೊತ್ತಾಗದಿದ್ದರೆ ಬಿಡಿ, ನನಗೆ ಗೊತ್ತಾಗಬೇಕಿತ್ತು. ಆ ಕುರ್ಚಿಯಲ್ಲಿ ಕೂತು ಎದ್ದವಳು ನಾನು.

ಮೊನ್ನೆ ಆಯಮ್ಮ ಅಂಟು ಕಾಯಿಸಿದ್ದು ಯಾಕೆ ಎಂದು ಹೇಳಲಿಲ್ಲ ಅಲ್ಲವೇ. ಓದು ಮುಗಿಸಿ ಹೊರಟ ವಿದ್ಯಾರ್ಥಿನಿಯೊಬ್ಬಳು ಲೈಬ್ರರಿಗೆಂದು ಒಂದು ಪೆಟ್ಟಿಗೆ ಪುಸ್ತಕ ಕೊಟ್ಟಿದ್ದಳು. ಅದರಲ್ಲಿ ಅದೇ ಮಾಂಗಾದ ಕೊನೆಯ ಭಾಗವಿತ್ತು, ಹೊಚ್ಚಹೊಸದರ ಹಾಗೆ. ನಾನು ತುಂಬ ಹೊತ್ತು ಅದನ್ನು ತೆರೆಯದೆ ಮುಂದಿಟ್ಟುಕೊಂಡಿದ್ದೆ. ಆಮೇಲೆ ನಮ್ಮ ಮೊದಲ ಪುಟ, ಅವರ ಕೊನೆಯ ಪುಟ ತೆರೆದೆ.

ಹುಡುಗ ಅದರಲ್ಲಿ ಇರಲೇ ಇಲ್ಲ. ಬಾಗಿಲನ್ನು ಹೊರಗಿನಿಂದ ಬರೆದಿದ್ದರು, ಅದು ಇನ್ನೂ ಮುಚ್ಚಿಯೇ ಇತ್ತು. ಪಕ್ಕದಲ್ಲಿ ಊಟದ ತಟ್ಟೆ. ತಟ್ಟೆ ಇಟ್ಟ ತಾಯಿ ಈ ಸಲ ಎದ್ದು ಹೋಗದೆ, ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ನಮಗೆ ಅಂದು ಉಳಿದದ್ದು ಅದೇ ತಟ್ಟೆಯ ಅಂಚು.

ಚೀಟಿಯನ್ನು ಪುಸ್ತಕದ ಇನ್ನೊಂದು ತುದಿಯಲ್ಲಿ, ಮೇಲಂಚಿಗೆ ಮಾತ್ರ ಅಂಟು ಹಚ್ಚಿ ಅಂಟಿಸಿದೆ. ಬೆರಳಿಗೆ ಮೆತ್ತಿದ್ದನ್ನು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಅವನು ಆಚೆ ಬಂದನೋ ಇಲ್ಲವೋ ಗೊತ್ತಾಗಲ್ಲ ಅಂಕಲ್, ಆದರೆ ಹೊರಗೆ ಒಬ್ಬರು ಕೂತಿದ್ದಾರೆ... ಎಂದು ಹೇಳಬೇಕಿತ್ತು. ಅಂದು ಶನಿವಾರ ಬೇರೆ.