ಪಕ್ಕದ ಅಂಗಡಿಯ ಬೀಡಿ

ನಾನು ಅಜ್ಜಂಪುರದಲ್ಲಿ ಬಟ್ಟೆ ಹೊಲಿಯುವವನು. ಬಟ್ಟೆಯ ನಡುವೆ ಕಿಡಿ ಬಿದ್ದರೆ ಗತಿಯೇನು? ಹಾಗಾಗಿ ನನ್ನ ಅಂಗಡಿಯೊಳಗೆ ಎಂದೂ ಬೀಡಿ ಹಚ್ಚಿದವನಲ್ಲ. ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವ ಗೆಳೆಯನ ಅಂಗಡಿ. ಅದರ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತು ಇಬ್ಬರೂ ಒಂದೇ ಕಡ್ಡಿಯಲ್ಲಿ ಹಚ್ಚಿಕೊಳ್ಳುತ್ತಿದ್ದೆವು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಹೆಂಡತಿ ತೀರಿಕೊಂಡ ಮೇಲಂತೂ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ.

ಕೆಮ್ಮು ಹೆಚ್ಚಾಗಿ ತರೀಕೆರೆಯ ಆಸ್ಪತ್ರೆಗೆ ಹೋದೆ. ಬೀಡಿ ಬಿಡುವವರಿಗೆ ಸಲಹೆ ಕೊಡುವ ಹುಡುಗಿಯೊಬ್ಬಳು ಒಂದು ನೋಟ್‌ಬುಕ್ ಕೈಗಿಟ್ಟಳು. ಪ್ರತಿ ಬೀಡಿಯನ್ನೂ ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಸೇದಿದೆ ಅಂತ ಬರೆಯಬೇಕಂತೆ. ಈ ವಯಸ್ಸಲ್ಲಿ ಕಾಪಿ ಬರೆಯುವ ಶಿಕ್ಷೆ ಬೇರೆ ಎಂದು ಗೊಣಗಿಕೊಂಡೇ ಬರೆದೆ. ವಾರದ ನಂತರ ಅವಳು ಪುಟ ತಿರುಗಿಸಿ ನೋಡಿದಳು. ಎಲ್ಲ ಕಡೆ ಅದೇ ಕಲ್ಲು, ಅದೇ ಗೆಳೆಯ.

"ಆಸೆ ಆದಾಗ ನೀರು ಕುಡೀರಿ, ಲವಂಗ ಬಾಯಿಗೆ ಹಾಕ್ಕೊಳ್ಳಿ, ಹತ್ತು ನಿಮಿಷ ತಡೀರಿ. ಆದ್ರೆ ಮೊದ್ಲು ಆ ಕಲ್ಲಿನ ಹತ್ರ ಹೋಗೋದು ಬಿಡಿ," ಅಂದಳು.

"ಅದು ಬರೀ ಕಲ್ಲಲ್ಲ ಕಣಮ್ಮ," ಎಂದು ರೇಗಿದೆ. ರೇಗಿದರೂ ಅವಳು ಹೇಳಿದ್ದು ಸರಿ ಅಂತ ಗೊತ್ತಿತ್ತು.

ಹೋಗುವುದನ್ನು ಬಿಟ್ಟೆ. ಕಾರಣ ಮಾತ್ರ ಅವನಿಗೆ ಹೇಳಲಿಲ್ಲ. ನಿನ್ನಿಂದಲೇ ನನ್ನ ಎದೆ ಕೆಟ್ಟಿತು ಎಂದಂತಾಗುತ್ತದೆ ಅಂತ ಹೆದರಿದೆ. ಅವನು "ಬಾರೋ" ಎಂದು ಕರೆದರೆ ಅರ್ಜೆಂಟ್ ಹೊಲಿಗೆಯಿದೆ ಅನ್ನುತ್ತಿದ್ದೆ. ಕೆಲವು ವಾರ ಕರೆದ, ಆಮೇಲೆ ಕರೆಯುವುದನ್ನು ಬಿಟ್ಟ. ನಾನು ಲವಂಗ ಜಗಿಯುತ್ತ ಮಿಷಿನ್ ತುಳಿದೆ. ಒಂದೇ ಗೋಡೆಯ ಆಚೆ ಅವನಿದ್ದ, ಆದರೂ ಯಾರೂ ಇಲ್ಲದವನ ಹಾಗೆ ದಿನ ಕಳೆದೆ.

ಬೀಡಿ ಮುಟ್ಟದೆ ಆರು ತಿಂಗಳಾಯಿತು. ಇನ್ನು ಬೀಡಿ ನನ್ನನ್ನು ಏನೂ ಮಾಡಲಾರದು ಅನಿಸಿದ ದಿನ ಅಲ್ಲಿಗೆ ಹೋದೆ. ನನ್ನನ್ನು ಕಂಡದ್ದೇ ಅವನು ಬೀಡಿಯನ್ನು ಕಾಲಡಿ ಹೊಸಕಿದ.

"ಸಿಟ್ಟೇನೋ?" ಅಂದೆ.

"ಯಾತರ ಸಿಟ್ಟು? ನಿನ್ ಕೆಮ್ಮು ನಿಂತಿದ್ದು ನಂಗೂ ಗೊತ್ತಾಯ್ತು ಕಣೋ. ಅವತ್ತಿಂದ್ಲೇ ಕರೆಯೋದ್ ಬಿಟ್ಟೆ."

"ಇವತ್ತು ಸುಮ್ನೆ ಕೂತ್ಕೋತೀನಿ."

"ಬ್ಯಾಡ. ನಂಗಂತೂ ಬಿಡಕ್ಕಾಗಲ್ಲ. ನೀನ್ ಪಕ್ಕದಲ್ ಕೂತ್ರೆ ಅಭ್ಯಾಸಕ್ಕೆ ನಿಂಗೂ ಒಂದ್ ಕೊಟ್ಬಿಡ್ತೀನಿ. ಹೋಗು."

ಬೈದಿದ್ದರೆ ನಾನೂ ನಾಲ್ಕು ಬೈದು ಅಲ್ಲೇ ಕೂರುತ್ತಿದ್ದೆ. ಅವನು ನನ್ನ ಒಳ್ಳೆಯದಕ್ಕೇ ಹೋಗು ಅಂದಿದ್ದ. ವಾಪಸ್ ಬಂದು ಮಿಷಿನ್ ಮುಂದೆ ಕೂತೆ. ಈಗ ದಾರಿಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತೇವೆ, ನಿಲ್ಲುವುದಿಲ್ಲ.