ಭುಜದ ಮೇಲಿನ ಬಣ್ಣ

ನಮ್ಮ ಮನೆಯವರು ಪೇಂಟರ್. ಮೂವತ್ತೆರಡು ವರ್ಷ ಕಂಡವರ ಗೋಡೆಗೆ ಬಣ್ಣ ಹೊಡೆದರು. ಮೂರಂತಸ್ತಿನ ಎತ್ತರದಿಂದ ಒಮ್ಮೆಯೂ ಬೀಳಲಿಲ್ಲ. ಮನೆಯ ಸ್ಟೂಲಿನಿಂದ ಬಿದ್ದು ಹೋದರು. ಹತ್ತಿಸಿದವಳು ನಾನು.

ಕೆಲಸಕ್ಕೆ ಜೋಡಿ ನನ್ನ ತಮ್ಮ. ಇವರು ಏಣಿಯ ಮೇಲೆ, ಅವನು ಕೆಳಗೆ ಏಣಿ ಹಿಡಿದು. ನನಗೋ ಭಾರಿ ಜಂಬ. "ನಮ್ಮವರಿಗೆ ಆಕಾಶ ಮೊಣಕಾಲುದ್ದ" ಎಂದು ಬೀದಿಗೆಲ್ಲ ಹೇಳುತ್ತಿದ್ದೆ. ಇವರ ಎದುರೇ ಹೇಳುತ್ತಿದ್ದೆ.

ಕೈಯೆತ್ತಿ ಬ್ರಷ್ ಆಡಿಸುವವನಿಗೆ ಬಣ್ಣ ಮಣಿಕಟ್ಟಿನಿಂದ ಇಳಿದು ಅಂಗಿಯ ತೋಳಿಗೆ ಬರುತ್ತದೆ. ಆ ತೋಳು ತಿಕ್ಕಿ ತಿಕ್ಕಿ ನನ್ನ ಬೆರಳು ಸವೆದಿದ್ದವು. ಐವತ್ತೈದು ದಾಟಿದ ಮೇಲೆ ಅಂಗಿಯ ತೋಳು ಚೊಕ್ಕಟವಾಗಿ ಬರತೊಡಗಿತು. ಬಣ್ಣವೆಲ್ಲ ಭುಜದ ಮೇಲೆ, ತಲೆಯ ಮೇಲೆ, ಹನಿ ಹನಿ.

"ಏನ್ರೀ, ಗೋಡೆ ಬಿಟ್ಟು ತಲೆಗೆ ಹೊಡ್ಕೊಂಡು ಬರ್ತೀರಾ?" ಎಂದೆ.

"ಬಿಳಿ ಕೂದಲು ಮುಚ್ಚಬೇಕಲ್ಲ. ಡೈಗಿಂತ ಇದೇ ಗಟ್ಟಿ ಕಣೇ" ಎಂದರು.

ನಕ್ಕೆ. ಒಗೆದೆ. ಅಷ್ಟೇ.

ಬೇರೆಯದೂ ಕಣ್ಣಿಗೆ ಬಿತ್ತು. ಯಾರಾದರೂ ಕೂಗಿದರೆ ಕತ್ತು ತಿರುಗಿಸುತ್ತಿರಲಿಲ್ಲ, ಬಾಗಿಲಿನ ಹಾಗೆ ಇಡೀ ಮೈ ತಿರುಗಿಸುತ್ತಿದ್ದರು. ಮಲಗಲು ಎರಡು ದಿಂಬು ಕೇಳಿದರು. ಸ್ನಾನಕ್ಕೆ ಕೂರತೊಡಗಿದರು. ರಸ್ತೆಯಲ್ಲಿ ನನ್ನ ಭುಜ ಹಿಡಿದು ನಡೆಯುತ್ತಿದ್ದರು. ಈ ವಯಸ್ಸಿನಲ್ಲಿ ಪ್ರೀತಿ ಉಕ್ಕಿದೆ ಎಂದುಕೊಂಡೆ. ಹುಚ್ಚಿ.

ಚಳಿ ಶುರುವಾಯಿತು. ಅಟ್ಟದಿಂದ ಕಂಬಳಿ ಇಳಿಸಿಕೊಡಿ ಎಂದೆ. ಎರಡು ದಿನ ನಾಳೆ ನಾಳೆ ಎಂದರು. ಮೂರನೆಯ ದಿನ ನಾನು ಗೊಣಗಿದೆ. ಸ್ಟೂಲ್ ಎಳೆದ ಸದ್ದು ಅಡಿಗೆಮನೆಗೆ ಕೇಳಿತು.

"ಬಂದು ಸ್ವಲ್ಪ ಹಿಡ್ಕೋತೀಯೇನೇ?"

"ಮೂರಂತಸ್ತು ಹತ್ತೋರಿಗೆ ಸ್ಟೂಲ್ ಹಿಡೀಬೇಕಾ? ಹೋಗ್ರೀ, ಒಲೆ ಮೇಲೆ ಹಾಲಿದೆ."

ಅವರು ನಕ್ಕರು. ಆಮೇಲೆ ಬಿದ್ದ ಸದ್ದು. ಮಂಚದ ಅಂಚಿಗೆ ತಲೆ ಬಡಿದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಇವರಿಗೆ ಮೊದಲಿಂದ ತಲೆಸುತ್ತು ಇತ್ತಾ?"

"ಇಲ್ಲ" ಎಂದೆ.

"ಇತ್ತು. ಆರು ವರ್ಷದಿಂದ" ಎಂದ ನನ್ನ ತಮ್ಮ.

ಅವನ ಮುಖ ನೋಡಿದೆ. ಅವನು ನೆಲ ನೋಡಿದ. ಕಿವಿಯೊಳಗಿನ ತೊಂದರೆಯಂತೆ. ತಲೆ ಮೇಲೆತ್ತಿದರೆ ನೆಲವೇ ಗಿರ್ರನೆ ತಿರುಗುತ್ತಿತ್ತಂತೆ. ಆರು ವರ್ಷದಿಂದ ಏಣಿ ಹತ್ತುತ್ತಿದ್ದವನು ತಮ್ಮ. ಕೆಳಗೆ ತಲೆ ತಗ್ಗಿಸಿ ಏಣಿ ಹಿಡಿಯುತ್ತಿದ್ದವರು ಇವರು.

ಮೂರು ದಿನ ಕಣ್ಣು ಬಿಡಲಿಲ್ಲ. ನಾಲ್ಕನೆಯ ದಿನ ಮುಗಿಯಿತು.

ಹಿಡಿ ಎಂದರು. ಯಾಕೆ ಹಿಡಿಯಬೇಕು ಎಂದು ಹೇಳಲಿಲ್ಲ. ಒಂದು ಮಾತು ಸಾಕಿತ್ತು. ಹಾಲು ಉಕ್ಕಿದರೆ ಉಕ್ಕಲಿ ಎಂದು ಓಡಿ ಬರುತ್ತಿದ್ದೆ.

ತಿಂಗಳಾದ ಮೇಲೆ ತಮ್ಮ ಏಣಿ ಒಯ್ಯಲು ಬಂದ.

"ಯಾಕೋ ಹೇಳ್ಲಿಲ್ಲ?" ಎಂದೆ.

"ಭಾವ ಆಣೆ ಹಾಕಿಸ್ಕೊಂಡಿದ್ರು ಅಕ್ಕ. ನಿಮ್ಮಕ್ಕ ನನ್ನ ಹೆಸರು ಹೇಳ್ಕೊಂಡು ಬೀದೀಲಿ ಮೆರೀತಾಳೆ, ಅವಳ ತಲೆ ತಗ್ಗಿಸ್ಬೇಡ ಅಂದ್ರು."

"ನನ್ನ ಜಂಬ ಉಳಿಸೋಕೆ ನನ್ನ ಕೈಲೇ ಅವರನ್ನ ಕೊಲ್ಲಿಸಿದ್ಯಾ?"

"ಹಾಗನ್ಬೇಡ ಅಕ್ಕ."

"ಮತ್ತೇನನ್ಲಿ? ಆರು ವರ್ಷ ನೀನು ನನ್ನ ಕೈಯಡಿಗೆ ಉಂಡೆ. ಅನ್ನದ ಜೊತೆ ಮಾತನ್ನೂ ನುಂಗಿದೆ."

ಅವನು ಅತ್ತ. ಕ್ಷಮಿಸು ಎಂದ. ನಾನು ಒಳಗೆ ಹೋದೆ. ಗೂಟದಲ್ಲಿ ಇವರ ಕೊನೆಯ ಕೆಲಸದ ಅಂಗಿ ನೇತಾಡುತ್ತಿತ್ತು. ಒಗೆದಿರಲಿಲ್ಲ. ತೋಳು ಚೊಕ್ಕಟ, ಭುಜದ ಮೇಲೆ ನೀಲಿ ಹನಿ. ಮಡಿಸಿ ತಂದು ಅವನ ಕೈಗಿಟ್ಟೆ.

"ಇದು ನಿನ್ನ ಬ್ರಷ್ಷಿಂದ ಬಿದ್ದ ಬಣ್ಣ. ನೀನೇ ಒಗಿ."

ಅಂಗಿ ಹಿಡಿದುಕೊಂಡು ಹೋದ. ಏಣಿ ಒಯ್ಯುವುದನ್ನು ಮರೆತ.